ನೂರು ಜನ ವರ್ಸಸ್ ಒಂದು ಗೊರಿಲ್ಲಾ: ನಂಜುಮಳಿಗೆ ಹತ್ರದ ಬೋರ್ಡಿಲ್ಲದ ಕಾಫಿ ಅಂಗಡಿ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಬರೀ ಕಾಫಿ ಕುಡಿದು ಎದ್ದು ಹೋಗೋರಿಗೆ ಈ ರಿವ್ಯೂ ಅಷ್ಟೇನು ಉಪಯೋಗಕ್ಕೆ ಬರಲ್ಲ. ಮೈಸೂರಲ್ಲಿ ಕಾಫಿಗೇನ್ ಬರನಾ, ನಾಲ್ಕ್ ಹೆಜ್ಜೆಗೊಂದು ಅಂಗಡಿ ಇದೆ. ಆದ್ರೆ ಸಂಜೆ ಆರು ಗಂಟೆಗೆ ಐದಾರು ಜನ ಸೇರ್ಕೊಂಡು "ಕೈಯಲ್ಲಿ ಏನೂ ಇಲ್ದೆ ನೂರು ಜನ ಗಂಡಸ್ರು ಒಂದು ಗೊರಿಲ್ಲಾ ಮೇಲೆ ಬಿದ್ರೆ ಯಾರ್ ಗೆಲ್ತಾರೆ" ಅಂತ ಗಂಟೆಗಟ್ಲೆ ಕಿತ್ತಾಡಿದ್ರೂ, ಬೈಟು ಕಾಫಿ ಬಿಟ್ಟು ಬೇರೇನೂ ತಗೊಳ್ದೇ ಇದ್ರೂ, "ಬೇರೆಯವ್ರು ಕಾಯ್ತಿದಾರೆ ಸಾರ್" ಅಂತ ಟೇಬಲ್ ಒರೆಸೋಕೆ ಬರದೇ ಇರೋ ಅಂಗಡಿ ಎಷ್ಟಿದೆ ಹೇಳಿ ನೋಡಣ. ಒಂದು ಅಂಗಡಿಗೆ ಮಾರ್ಕ್ಸ್ ಕೊಡೋದು ನಾನು ಈ ಲೆಕ್ಕದಲ್ಲೇ. ಕೆಲಸಕ್ಕೆ ಬಾರದ ವಾದವನ್ನ ಅದು ಎಷ್ಟೊತ್ತು ತಡ್ಕೊಳುತ್ತೆ ಅನ್ನೋದು.

ಅಂಗಡಿ ಇರೋದು ನಂಜುಮಳಿಗೆ ಸರ್ಕಲ್‌ನಿಂದ ಒಳಗಡೆ ಒಂದು ಅಡ್ಡರಸ್ತೆಲಿ. ಬೋರ್ಡ್ ಇಲ್ಲ, ಹಿಂದೆ ಇತ್ತಂತೆ, ಗೋಡೆಗೆ ಸುಣ್ಣ ಹೊಡೆಸೋವಾಗ ಇಳಿಸಿದ್ದು ಮತ್ತೆ ಹತ್ತಿಸಲೇ ಇಲ್ಲ. ಮುಂದೆ ಕಲ್ಲುಬೆಂಚು ಒಂದು, ಒಳಗೆ ಮರದ ಬೆಂಚು ಎರಡು, ಅದರಲ್ಲಿ ಬಾಗಿಲ ಪಕ್ಕದ್ದು ಕಾಲು ಕುಂಟುತ್ತೆ, ಅಲ್ಲಿ ಕೂತ್ಕೊಂಡು ಜೋರಾಗಿ ಕೈ ಬೀಸಿ ಮಾತಾಡಿದ್ರೆ ಪಕ್ಕದವ್ರ ಕಾಫಿ ಚೆಲ್ಲುತ್ತೆ. ಕೌಂಟರ್ ಮಾತ್ರ ಸಣ್ಣದು ಅಂದ್ರೆ ಸಣ್ಣದು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಿಸ್ಕತ್ ಡಬ್ಬಗಳು, ನಡುವೆ ಇಬ್ರು ನಿಂತ್ರೆ ಮುಗೀತು. ಈ ವಿಷಯಕ್ಕೆ ಆಮೇಲೆ ಬರ್ತೀನಿ, ಮುಖ್ಯ ಇದೆ.

ಕಾಫಿ ಪರವಾಗಿಲ್ಲ. ಡಿಕಾಕ್ಷನ್ ಗಟ್ಟಿ ಇರುತ್ತೆ, ಚಿಕೋರಿ ಸ್ವಲ್ಪ ಮುಂದೆ ಬರುತ್ತೆ, ಸಕ್ಕರೆ ಕಮ್ಮಿ ಅಂತ ಹೇಳದಿದ್ರೆ ಪಾನಕ ಆಗುತ್ತೆ. ನಮ್ಮ ಗ್ಯಾಂಗಿನ ಗೌಡ ಒಬ್ನಿಗೆ ಮಾತ್ರ ಅದೂ ಸಾಲಲ್ಲ, "ಅಣ್ಣೋ, ಇನ್ನೊಂದ್ ಚಮಚ ಆಕು" ಅಂತಾನೆ, ಮಂಡ್ಯದೋನು, ಮೈಶುಗರ್ ಸಕ್ಕರೆ ಫ್ಯಾಕ್ಟರಿ ಹೊಗೆ ನೋಡ್ಕೊಂಡು ಬೆಳೆದವ್ನು, ಏನ್ ಮಾಡೋಕಾಗುತ್ತೆ. ಅಸಲಿ ಐಟಂ ಬಜ್ಜಿ. ಅಂಗಡಿ ಓನರ್ ಅಣ್ಣನ ಹೆಂಡತಿ, ನಾವೆಲ್ಲ ಅಕ್ಕ ಅಂತೀವಿ, ಐದೂವರೆಗೆ ಬಾಣಲೆ ಇಡ್ತಾರೆ. ಮೆಣಸಿನಕಾಯಿ ಬಜ್ಜಿಗೆ ಒಳಗಡೆ ಓಂಕಾಳು ಉಪ್ಪು ಸವರಿರ್ತಾರೆ, ಬಾಳೆಕಾಯಿ ಬಜ್ಜಿ ತೆಳ್ಳಗೆ ಗರಿಗರಿ. ಮದ್ದೂರು ವಡೆ ಅಂತ ಒಂದು ಇಡ್ತಾರೆ, ಅದನ್ನ ಗೌಡ ಒಪ್ಪಲ್ಲ, ಮದ್ದೂರಿನ ಮೇಲೆ ರೈಲಲ್ಲಿ ಓಡಾಡಿದವ್ರು ಯಾರೂ ಒಪ್ಪಲ್ಲ, ಈರುಳ್ಳಿ ಕಮ್ಮಿ, ಮೈದಾ ಜಾಸ್ತಿ. ಬಿಡಿ.

ಈಗ ಗೊರಿಲ್ಲಾ. 2025ರ ಏಪ್ರಿಲ್‌ನಲ್ಲಿ ಈ ಪ್ರಶ್ನೆ ಪ್ರಪಂಚ ಪೂರ್ತಿ ಓಡಾಡ್ತಲ್ಲ, ಎಲ್ಲಾ ಊರೋರು ಗಾಳಿಲಿ ಗುದ್ದಾಡಿದ್ರು, ಮೈಸೂರೋರಿಗೆ ಮಾತ್ರ ಮಾತಾಡೋ ಹಕ್ಕು ಸ್ವಲ್ಪ ಜಾಸ್ತಿ ಇದೆ ಅಂತ ನನ್ನ ವಾದ. ಯಾಕಂದ್ರೆ ನಾವು ಗೊರಿಲ್ಲಾನ ಕಣ್ಣಾರೆ ನೋಡಿದೀವಿ. ನಮ್ಮ ಝೂ 1892ರದ್ದು, ಅಲ್ಲಿ ಪೋಲೋ ಅಂತ ಗೊರಿಲ್ಲಾ ಇತ್ತು, ಸಣ್ಣೋರಿದ್ದಾಗ ನೋಡಿದ ನೆನಪು ಸುಮಾರು ಜನಕ್ಕಿರುತ್ತೆ, 2014ರಲ್ಲಿ ತೀರ್ಕೊಂತು. ಆಮೇಲೆ 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಬಂದ್ವು, ಥಾಬೊ ಮತ್ತೆ ಡೆಂಬಾ. ಚರ್ಚೆ ಕಾವೇರಿದ ವಾರ ಕುಳ್ಳ ಅನ್ನೋ ನಮ್ಮ ಫ್ರೆಂಡು ಝೂಗೆ ಹೋಗಿ ಒಂದು ಗಂಟೆ ನಿಂತ್ಕೊಂಡು ನೋಡ್ಕೊಂಡು ಬಂದ. ಅಲ್ಲೀವರೆಗೂ ಅವ್ನು ನೂರು ಜನದ ಪಾರ್ಟಿ. ಬಂದವ್ನು ಬೆಂಚ್ ಮೇಲೆ ಕೂತು "ಭುಜ ನೋಡ್ದೆ ಮಗಾ" ಅಂದ, ಅಷ್ಟೇ, ಪಾರ್ಟಿ ಬದಲಾಯಿಸ್ಬಿಟ್ಟ.

ಬೆಳೆದ ಗಂಡು ಗೊರಿಲ್ಲಾ ಅಂದ್ರೆ 140 ಕೆಜಿಯಿಂದ 200ರ ಆಸುಪಾಸು. ತಿನ್ನೋದು ಸೊಪ್ಪು, ಹಣ್ಣು, ಕಾಂಡ. ಎದೆ ಬಡ್ಕೊಳೋವಾಗ ನಾವು ಅಂದ್ಕೊಂಡಂಗೆ ಮುಷ್ಟಿ ಕಟ್ಟಲ್ಲ, ಅಂಗೈ ಬಟ್ಲು ಥರ ಮಾಡ್ಕೊಂಡು ಬಡಿಯುತ್ತೆ, ಆ ಸದ್ದು ಕಾಡಲ್ಲಿ ದೂರದವರೆಗೂ ಕೇಳುತ್ತೆ. ಕೋರೆಹಲ್ಲಂತೂ ನಮ್ಮ ಕಿರುಬೆರಳಿನಷ್ಟುದ್ದ. ಈ ಕಡೆ ನೂರು ಜನ, ತಲೆಗೆ 65 ಕೆಜಿ ಅಂದ್ರೂ ಒಟ್ಟು 6,500 ಕೆಜಿ. ನಮ್ಮ ಗ್ಯಾಂಗಿನ ಇಂಜಿನಿಯರ್ ಲೆಕ್ಕ ಇಷ್ಟೇ, "ಮೇಲೆ ಬಿದ್ದು ಕೂತ್ಕೊಂಡ್ರೆ ಸಾಕು, ಗುದ್ದೋದೇ ಬೇಡ". ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಒಂದು ಗೊರಿಲ್ಲಾ ಸುತ್ತ ಒಂದೇ ಸಲಕ್ಕೆ ಎಷ್ಟು ಜನ ನಿಲ್ಲಬಹುದು? ಕೈಗೆ ಸಿಗೋ ದೂರದಲ್ಲಿ ಎಂಟು ಜನ, ಒತ್ಕೊಂಡು ನಿಂತ್ರೆ ಹತ್ತು. ಅಂದ್ರೆ ಅದು ನೂರು ಜನದ ಜೊತೆ ಯಾವತ್ತೂ ಫೈಟ್ ಮಾಡ್ತಾನೇ ಇಲ್ಲ, ಎಂಟೆಂಟು ಜನದ ಹನ್ನೆರಡು ಪಾಳಿ ಜೊತೆ ಮಾಡ್ತಿದೆ. ಮೊದಲ್ನೇ ಪಾಳಿಯವ್ರ ಗತಿ ನೋಡಿದ ಮೇಲೆ ಎರಡ್ನೇ ಪಾಳಿಯವ್ರು ಕೆಲಸಕ್ಕೆ ಬರ್ತಾರಾ?

ಇಲ್ಲಿ ಬಾಯಿ ಹಾಕಿದ್ದು ಪೈಲ್ವಾನ್ರು. ಪಕ್ಕದ ರಸ್ತೆಲಿ ಗರಡಿ ಮನೆ ಇದೆ, ಅಲ್ಲಿಂದ ಎಪ್ಪತ್ತು ದಾಟಿದ ಒಬ್ರು ದಿನಾ ಕಾಫಿಗೆ ಬರ್ತಾರೆ, ಕಿವಿ ಮುದುಡಿಕೊಂಡಿದೆ, ದಸರಾ ಕುಸ್ತಿಲಿ ಆಡಿದವ್ರು, ಮಾತು ಕಮ್ಮಿ. ನಾವು ಅರ್ಧ ಗಂಟೆ ಅರಚಾಡಿದ ಮೇಲೆ ಲೋಟ ಕೆಳಗಿಟ್ಟು ಹೇಳಿದ್ರು, "ಗೊರಿಲ್ಲಾ ಆಮೇಲೆ ಕರೀರಪ್ಪ, ನೂರು ಜನದಲ್ಲಿ ಮೊದ್ಲು ಹೋಗೋ ಹತ್ತು ಜನ ಯಾರು ಅಂತ ಈಗ್ಲೇ ಹೆಸ್ರು ಬರೀರಿ". ಪಿನ್‌ಡ್ರಾಪ್. ಯಾರೂ ಕೈ ಎತ್ತಲಿಲ್ಲ. ಉತ್ತರನ ಪೌರುಷ ಒಲೆ ಮುಂದೆ ಅಂತಾರಲ್ಲ, ನಮ್ದು ಬಜ್ಜಿ ಬಾಣಲೆ ಮುಂದೆ.

ನನಗನ್ಸೋದು ಕೇಳಿದ್ರೆ ಪೈಲ್ವಾನ್ರ ಮಾತಲ್ಲೇ ಇಡೀ ವಿಷಯ ಇದೆ. ಸಂಖ್ಯೆ ಗೆಲ್ಲುತ್ತೆ, ಆದ್ರೆ ಸಂಖ್ಯೆ ಒಟ್ಟಿಗೆ ಬಂದ್ರೆ ಮಾತ್ರ, ಮತ್ತೆ ಮೊದ್ಲು ಹೋಗೋರು ತಮ್ಮ ಲೆಕ್ಕ ತಾವು ಹಾಕ್ಕೊಳ್ದೇ ಇದ್ರೆ ಮಾತ್ರ. ಜಪಾನಿನ ಜೇನುಹುಳು ನೋಡಿ. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಕಣಜ ಗೂಡಿಗೆ ನುಗ್ಗಿದ್ರೆ ನೂರಾರು ಜೇನು ಒಂದೇ ಏಟಿಗೆ ಮುತ್ಕೊಂಡು ಉಂಡೆ ಕಟ್ತವೆ, ರೆಕ್ಕೆ ಸ್ನಾಯು ಅದುರಿಸಿ ಒಳಗೆ ಸುಮಾರು 46 ಡಿಗ್ರಿ ಶಾಖ ಏರಿಸ್ತವೆ, ಕಣಜ ಬೆಂದು ಸಾಯುತ್ತೆ, ಜೇನಿಗೆ ಅದಕ್ಕಿಂತ ಒಂದೆರಡು ಡಿಗ್ರಿ ಜಾಸ್ತಿ ತಡ್ಕೊಳೋ ಶಕ್ತಿ ಇದೆ ಅಷ್ಟೇ ವ್ಯತ್ಯಾಸ. ಅದೇ ಯುರೋಪಿನ ಜೇನಿಗೆ ಈ ಉಂಡೆ ಕಟ್ಟೋ ವಿದ್ಯೆ ಸರಿಯಾಗಿ ಬರಲ್ಲ, ಒಂದೊಂದಾಗಿ ಹೋಗಿ ಕಡಿಯುತ್ತೆ, ಮೂವತ್ತು ಕಣಜ ಸೇರ್ಕೊಂಡು ಕೆಲವೇ ಗಂಟೇಲಿ ಮೂವತ್ತು ಸಾವಿರ ಜೇನಿರೋ ಗೂಡನ್ನ ಮುಗಿಸಿಬಿಡ್ತವೆ. ನಂಬರ್ ಎರಡು ಕಡೆನೂ ಇದೆ, ಒಗ್ಗಟ್ಟು ಒಂದು ಕಡೆ ಮಾತ್ರ. ನಮ್ಮ ನಾಗರಹೊಳೆ ಬಂಡೀಪುರದ ಸೀಳುನಾಯಿನೂ ಹಂಗೇ, ಒಂದೊಂದು ಹದಿನೈದು ಕೆಜಿ ಇರ್ಬೋದು, ಗುಂಪಾಗಿ ಬಂದ್ರೆ ಚಿರತೆ ಮರ ಹತ್ತುತ್ತೆ.

ಗೌಡ ಇದಕ್ಕೆ ತನ್ನದೇ ತಿದ್ದುಪಡಿ ತಂದ. "ಯಾವ್ ನೂರ್ ಜನ ಅನ್ನದ್ ಮುಖ್ಯ ಕಣ್ಲಾ. ನಿಮ್ಮಾಪೀಸ್ನೋರ್ ನೂರ್ ಜನ ಆದ್ರೆ ಗೊರಿಲ್ಲಾ ತಿಂಡಿ ತಿನ್ಕೊಂಡ್ ಬಂದ್ ಗೆಲ್ತದೆ. ನಮ್ಮೂರ್ ಕಡೆ ಆಲೆಮನೇಲಿ ಗಾಣ ಆಕೋರು, ಕಬ್ ಕಡ್ಯೋರು, ಅಂತೋರ್ನ ನೂರ್ ಜನ ಕೊಡು, ಆಮೇಕ್ ಮಾತಾಡವ." ಕಬ್ಬು ಕಡಿಯೋರ ಕೈಲಿ ಕುಡುಗೋಲು ಇರಲ್ಲ ಮಗಾ, ಬರಿಗೈ ರೂಲ್ಸು ಅಂದ್ವಿ. "ಹಂಗಾರೆ ಬುಡು" ಅಂದ.

ರೂಲ್ಸ್ ವಿಷಯಕ್ಕೆ ಬಂದ್ರೆ, ಈ ಥರ ವಾದದಲ್ಲಿ ಜನ ಮಾಡೋ ದೊಡ್ಡ ಎಡವಟ್ಟೇ ಅದು, ಗೆಲ್ಲೋದು ಅಂದ್ರೇನು ಅಂತ ತೀರ್ಮಾನ ಮಾಡ್ದೇ ಶುರು ಹಚ್ಕೊಳೋದು. ವಿಜಯದಶಮಿ ದಿನ ಅರಮನೇಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತಲ್ಲ, ಮೊದ್ಲು ಯಾರ ತಲೇಲಿ ರಕ್ತ ಕಾಣ್ಸುತ್ತೋ ಅಲ್ಲಿಗೆ ಮುಗೀತು, ಕಣ್ಣು ಮಿಟುಕಿಸೋದ್ರೊಳಗೆ ಆಗೋಗುತ್ತೆ. ಆ ರೂಲ್ಸ್ ಹಾಕಿದ್ರೆ ಗೊರಿಲ್ಲಾ ಎರಡು ಸೆಕೆಂಡಲ್ಲಿ ಗೆದ್ದು ಮನೆಗೆ ಹೋಗುತ್ತೆ. ಮಣ್ಣಿನ ಕುಸ್ತಿ ರೂಲ್ಸ್ ಹಾಕಿ, ಬೆನ್ನು ಮಣ್ಣಿಗೆ ತಾಗ್ಬೇಕು ಅಂತ, ಆಗ ನೂರು ಜನಕ್ಕೆ ಚಾನ್ಸ್ ಇದೆ, ಕಾಲಿಗೆ ಇಪ್ಪತ್ತು ಜನ ಜೋತು ಬಿದ್ರೆ ಸಾಕು. ಸಾಯೋವರೆಗೂ ಅಂದ್ರೆ ನಾನು ಎದ್ದು ಹೋಗ್ತೀನಿ, ಥಾಬೊ ಡೆಂಬಾ ಮುಖ ನೆನಪಾಗುತ್ತೆ. ಟೈಮ್ ಲಿಮಿಟ್ ಇಲ್ಲ, ಓವಲ್ ಗ್ರೌಂಡಿನಷ್ಟು ಜಾಗ, ಮಧ್ಯಾಹ್ನದ ಬಿಸಿಲು ಅಂತ ಇಟ್ಕೊಂಡ್ರೆ ಮನುಷ್ಯನೇ, ಅನುಮಾನ ಇಲ್ಲ. ಬೆವರು ಸುರಿಸಿ ಮೈ ತಣ್ಣಗಿಟ್ಕೊಂಡು ಗಂಟೆಗಟ್ಲೆ ಓಡೋದ್ರಲ್ಲಿ ನಮ್ಮನ್ನ ಮೀರಿಸೋ ಪ್ರಾಣಿಗಳು ಕಮ್ಮಿ. ಹತ್ತಿರ ಹೋಗೋದು, ಓಡೋದು, ಮತ್ತೆ ಹೋಗೋದು, ಸಂಜೆ ತನಕ ಸುಸ್ತು ಮಾಡಿಸೋದು. ಇದನ್ನ ಕುಳ್ಳ ಫೈಟ್ ಅಂತ ಒಪ್ಪಲ್ಲ, ಅದು ಕಿರುಕುಳ ಅಂತಾನೆ.

ಒಬ್ರು ಅನೇಕರನ್ನ ಎದುರಿಸೋ ಕಥೆ ಬಂದ ಮೇಲೆ ಚಿತ್ರದುರ್ಗ ಬರ್ದೇ ಇರುತ್ತಾ. ಒನಕೆ ಓಬವ್ವ. ಹೈದರಾಲಿ ಸೈನಿಕರು ಕೋಟೆ ಕಿಂಡಿಯಿಂದ ಒಬ್ಬೊಬ್ರಾಗಿ ನುಸುಳಿ ಬರೋವಾಗ ಒಬ್ಬೊಬ್ರಾಗೇ ಮುಗಿಸಿದ್ದು. ಇದನ್ನ ಇಂಜಿನಿಯರ್ ಗಣಿತದಲ್ಲಿ ವಿವರಿಸಿದ, ಅವ್ನು ವಿವರಿಸಿದ್ದೆಲ್ಲ ನನಗೆ ಅರ್ಥ ಆಗೋದು ಅಪರೂಪ, ಇದು ಆಯ್ತು. ಲ್ಯಾಂಚೆಸ್ಟರ್ ಅಂತ ಇಂಗ್ಲೆಂಡಿನ ಒಬ್ಬ ಇಂಜಿನಿಯರ್, ಕಾರು ಮಾಡ್ತಿದ್ದವ್ನು, 1916ರಲ್ಲಿ ಯುದ್ಧಕ್ಕೆ ಲೆಕ್ಕ ಹಾಕಿದ. ದೂರದಿಂದ ಎಲ್ರೂ ಎಲ್ರಿಗೂ ಗುಂಡು ಹೊಡೆಯೋ ಹಾಗಿದ್ರೆ ಬಲ ಅನ್ನೋದು ಸಂಖ್ಯೆಯ ವರ್ಗ, ಅಂದ್ರೆ ಎರಡು ಪಟ್ಟು ಜನ ಇದ್ರೆ ನಾಲ್ಕು ಪಟ್ಟು ಬಲ. ಅದೇ ಕೈಕೈ ಮಿಲಾಯಿಸೋ ಜಗಳ, ಒಬ್ಬನಿಗೆ ಒಬ್ಬನೇ ಸಿಗೋ ಜಾಗ, ಅಲ್ಲಿ ಎರಡು ಪಟ್ಟು ಜನ ಅಂದ್ರೆ ಬರೀ ಎರಡು ಪಟ್ಟು ಬಲ. ಅಂದ್ರೆ ಕಿಂಡಿ ಹಿಡಿದವ್ರು ಎದುರಾಳಿಯ ಸಂಖ್ಯೆಯ ಅರ್ಧ ಬೆಲೆಯನ್ನ ಅಲ್ಲೇ ಕಿತ್ಕೊಂಡಂಗೆ. ಗೊರಿಲ್ಲಾನೂ ಓವಲ್ ಗ್ರೌಂಡ್ ಬಿಟ್ಟು ಒಂದು ಬಾಗಿಲಲ್ಲಿ ಕೂರಿಸಿ, ನೂರಲ್ಲ, ಸಾವಿರ ಜನ ಬಂದ್ರೂ ಕಷ್ಟ ಇದೆ.

ಕೌಂಟರ್ ವಿಷಯ ಆಮೇಲೆ ಹೇಳ್ತೀನಿ ಅಂದಿದ್ನಲ್ಲ, ಅದು ಇದೇ. ಸಂಜೆ ಆರೂವರೆಗೆ ಬಂದು ನೋಡಿ, ಟ್ಯೂಷನ್ ಬಿಟ್ಟ ಹುಡುಗ್ರು, ಗಾರೆ ಕೆಲಸದೋರು, ವಾಕಿಂಗ್ ಮುಗಿಸಿದ ರಿಟೈರ್ಡ್ ಮೇಷ್ಟ್ರುಗಳು, ಐವತ್ತು ಜನ ರಸ್ತೇಲಿ ನಿಂತಿರ್ತಾರೆ, ಅಣ್ಣ ಒಬ್ರೇ. ಆದ್ರೆ ಎದುರಿಗೆ ಯಾವಾಗ್ಲೂ ಇಬ್ರೇ. ಲೋಟ ಕೊಡು, ಕಾಸು ಇಸ್ಕೋ, ಮುಂದಿನವ್ರು. ಟೆನ್ಷನ್ ಇಲ್ಲ, ಗಲಾಟೆ ಇಲ್ಲ, ಲೆಕ್ಕ ತಪ್ಪಿದ್ದು ನಾನಂತೂ ನೋಡಿಲ್ಲ. "ಅಣ್ಣ, ಕೌಂಟರ್ ಅಗಲ ಮಾಡ್ಸಿ, ಜನ ನಿಂತಿರ್ತಾರೆ" ಅಂತ ಕುಳ್ಳ ಒಂದ್ಸಲ ಸಲಹೆ ಕೊಟ್ಟಿದ್ದಕ್ಕೆ "ಅಗಲ ಮಾಡ್ಸಿದ್ರೆ ನಾನು ಉಳೀತೀನಾ" ಅಂದ್ರು. ಲ್ಯಾಂಚೆಸ್ಟರ್ ಓದಿಲ್ಲ ಅವ್ರು.

ಮಿಸ್ ಬಗ್ಗೆ ಹೇಳ್ಲೇಬೇಕು. ನಮ್ಮ ಗ್ಯಾಂಗಲ್ಲಿ ಒಬ್ಳು ಯುಕೆಜಿಗೆ ಪಾಠ ಮಾಡ್ತಾಳೆ. ಐದು ವರ್ಷದ ಮಕ್ಕಳು ಎಷ್ಟು ಜನ ಒಟ್ಟಿಗೆ ಬಂದ್ರೆ ದೊಡ್ಡೋರು ಸೋಲ್ತಾರೆ ಅನ್ನೋ ಹಳೇ ಪ್ರಶ್ನೆ ಇದೆಯಲ್ಲ, ಹೊಡಿಯಂಗಿಲ್ಲ, ಬರೀ ಬೀಳ್ದೇ ನಿಂತಿರ್ಬೇಕು ಅನ್ನೋದು ನಮ್ಮ ರೂಲ್ಸು. ಗಂಡುಮಕ್ಕಳೆಲ್ಲ ಮೂವತ್ತು, ನಲವತ್ತು ಅಂತ ಕೂಗ್ತಿದ್ರೆ ಇವ್ಳು ಬಜ್ಜಿ ತಿನ್ಕೊಂಡು "ಎಂಟು" ಅಂದ್ಳು. ಒಂದು ಮಗು ಹದಿನೆಂಟು ಕೆಜಿ ಅಂತ ಇಂಜಿನಿಯರ್ ಗುಣಾಕಾರ ಶುರು ಮಾಡೋಷ್ಟರಲ್ಲಿ ನಿಲ್ಲಿಸಿದ್ಳು. "ತೂಕ ಬಿಡ್ರೋ. ಅವ್ರು ಎದುರಿಗೆ ಬರಲ್ಲ, ಮೊಣಕಾಲಿಗೆ ಬರ್ತಾರೆ. ಭಯ ಇಲ್ಲ, ಪ್ಲಾನ್ ಇಲ್ಲ, ಸುಸ್ತೂ ಇಲ್ಲ. ಒಬ್ಳು ಒಂದಕ್ಕೆ ಹೋಗ್ಬೇಕು ಮಿಸ್ ಅಂತ ಎದ್ರೆ ಇಡೀ ಕ್ಲಾಸ್ ಎದ್ದೇಳುತ್ತೆ, ಯಾಕೆ ಅಂತ ಅವ್ರಿಗೂ ಗೊತ್ತಿರಲ್ಲ." ನೂರು ಗಂಡಸ್ರಿಗಿಲ್ಲದ್ದು ಅಲ್ಲಿದೆ ನೋಡಿ, ಮೊದ್ಲು ಯಾರು ಹೋಗೋದು ಅನ್ನೋ ಪ್ರಶ್ನೇನೇ ಹುಟ್ಟಲ್ಲ. ಪೈಲ್ವಾನ್ರು ತಲೆ ಆಡಿಸಿದ್ರು. ಅಕ್ಕ ಬಾಣಲೆ ಹಿಂದಿಂದ "ನನಗೆ ಎರಡು ಮೊಮ್ಮಕ್ಳೇ ಸಾಕಾಗಿದೆ" ಅಂದ್ರು.

ಕುದುರೆ ಗಾತ್ರದ ಒಂದು ಬಾತುಕೋಳಿ ಬೇಕಾ, ಬಾತುಕೋಳಿ ಗಾತ್ರದ ನೂರು ಕುದುರೆ ಬೇಕಾ ಅನ್ನೋದು ಇಲ್ಲಿ ಒಂದೇ ಸಂಜೇಲಿ ಇತ್ಯರ್ಥ ಆಯ್ತು. ಗೆಲಿಲಿಯೋ 1638ರಲ್ಲೇ ಹೇಳಿದ್ದು: ಎತ್ತರ ಐದು ಪಟ್ಟು ಆದ್ರೆ ತೂಕ 125 ಪಟ್ಟು ಆಗುತ್ತೆ, ಭಾರ ಹೊರೋ ಕಾಲಿನ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ 25 ಪಟ್ಟು. ಆ ಬಾತುಕೋಳಿ ನಿಂತ್ಕೊಳ್ಳೋಕೇ ಆಗಲ್ಲ, ಫೈಟ್ ಎಲ್ಲಿಂದ. ಗೌಡ "ಬಾಡೂಟಕ್ಕೆ ಎಷ್ಟ್ ಮನೆಗ್ ಆಯ್ತದೆ" ಅಂತ ಕೇಳ್ದ. ನೂರು ಪುಟಾಣಿ ಕುದುರೆಗೆ ಯಾರೂ ಕೈ ಎತ್ತಲ್ಲ ಬಿಡಿ, ಮುದ್ದಾಗಿರ್ತವೆ. ಅದೇ ಜೋಶಲ್ಲಿ ಬನ್ನೂರು ಕುರಿ ಎಷ್ಟು ಬಂದ್ರೆ ತಡ್ಕೊಬೋದು ಅಂತ ಶುರುವಾಗಿ, ಗೌಡ ಕಣ್ಣಲ್ಲಿ ನೀರು ತುಂಬ್ಕೊಂಡು "ಅದರ್ ಜೊತೆ ಜಗ್ಳ ಆಡ್ತೀರೇನ್ರಲಾ" ಅಂದಿದ್ದಕ್ಕೆ ವಿಷಯ ಕೈಬಿಟ್ವಿ.

ಹಕ್ಕಿ ಅಂದ್ರೆ ಹಗುರ ಮಾಡ್ಬೇಡಿ ಅನ್ನೋಕೆ ಮಾತ್ರ ನನ್ನ ಹತ್ರ ಎಮು ಕೇಸ್ ಇದೆ. 1932ರ ನವೆಂಬರ್, ಪಶ್ಚಿಮ ಆಸ್ಟ್ರೇಲಿಯಾ, ಗೋಧಿ ಹೊಲಕ್ಕೆ ನುಗ್ತಿದ್ದ ಸುಮಾರು 20,000 ಎಮು ಓಡಿಸೋಕೆ ಮಿಲಿಟರಿಯವ್ರು ಎರಡು ಮೆಷಿನ್ ಗನ್, 10,000 ಗುಂಡು ತಗೊಂಡು ಹೋದ್ರು. ಎಮುಗಳು ಮೊದ್ಲ ಸದ್ದಿಗೇ ಸಣ್ಣ ಸಣ್ಣ ಗುಂಪಾಗಿ ಚದುರಿಬಿಡ್ತಿದ್ವು, ಗುರಿ ಇಡೋದು ಯಾರಿಗೆ? ಕೊನೆಗೆ ಮಿಲಿಟರಿ ವಾಪಸ್ ಬಂತು, ಎಮು ಅಲ್ಲೇ ಉಳೀತು. ಜೇನು ಒಟ್ಟಿಗೆ ಬಂದು ಗೆದ್ದಿದ್ದು, ಎಮು ಬೇರೆ ಬೇರೆ ಆಗಿ ಗೆದ್ದಿದ್ದು, ಇದ್ರಿಂದ ನನ್ನ ಮೇಲಿನ ಥಿಯರಿಗೆ ಪೆಟ್ಟು ಬೀಳುತ್ತೆ ಅಂತ ಕುಳ್ಳ ಕುಣಿದಾಡ್ದ. ಎದುರಾಳಿ ಕೈಲಿ ಗನ್ ಇದ್ರೆ ಚದುರೋದೇ ಸರಿ, ಬರಿಗೈ ಇದ್ರೆ ಮುತ್ಕೊಳೋದೇ ಸರಿ ಅಂತ ನಾನು ಸಮಜಾಯಿಷಿ ಕೊಟ್ಟಿದೀನಿ, ಕೇಸ್ ಇನ್ನೂ ಪೆಂಡಿಂಗ್.

ಇನ್ನು ಕಂಪ್ಲೇಂಟ್‌ಗಳು. ಏಳು ಗಂಟೆ ಮೇಲೆ ಚಟ್ನಿ ಖಾಲಿ, ಕೇಳಿದ್ರೆ ಬಜ್ಜಿಗೆ ಚಟ್ನಿ ಯಾಕೆ ಅನ್ನೋ ಥರ ನೋಡ್ತಾರೆ. ಕುಡಿಯೋ ನೀರಿನ ಡ್ರಮ್ಮಿಗೆ ಒಂದೇ ಲೋಟ, ಬಾಟ್ಲು ತಗೊಂಡು ಹೋಗಿ. ಐಪಿಎಲ್ ಟೈಮಲ್ಲಿ ಅಣ್ಣನ ಮಗ ಮೊಬೈಲ್ ಸ್ಪೀಕರಿಗೆ ಹಾಕ್ತಾನೆ, ಆಗ ಯಾವ ವಾದನೂ ಮುಂದೆ ಹೋಗಲ್ಲ, ವಿಕೆಟ್ ಬಿದ್ದಾಗೆಲ್ಲ ಗೊರಿಲ್ಲಾ ಮರೆತು ಹೋಗುತ್ತೆ. ಸ್ಕೂಟರ್ ನಿಲ್ಲಿಸೋಕೆ ಜಾಗ ಇದೆ, ಕಾರು ತರಬೇಡಿ, ಆ ರಸ್ತೆಲಿ ಎದುರು ಒಂದು ಆಟೋ ಬಂದ್ರೆ ಇಬ್ರಲ್ಲಿ ಒಬ್ರು ರಿವರ್ಸ್ ಹೋಗ್ಬೇಕು, ಆಟೋದವ್ರು ಹೋಗಲ್ಲ.

ಮಾರ್ಕ್ಸ್ ಅಂದ್ರೆ ಕಾಫಿಗೆ ಐದಕ್ಕೆ ಮೂರೂವರೆ, ಬಜ್ಜಿಗೆ ನಾಲ್ಕೂವರೆ, ಮದ್ದೂರು ವಡೆಗೆ ಗೌಡನ ಒತ್ತಾಯದ ಮೇರೆಗೆ ಒಂದು, ಜಾಗಕ್ಕೆ ಪೂರ್ತಿ ಐದು. ಫುಲ್ ಕಾಫಿ 15 ರೂಪಾಯಿ, ಬೈಟು ಅಂದ್ರೆ ಅದನ್ನೇ ಇಬ್ರಿಗೆ ಹಂಚ್ತಾರೆ ಜಾಸ್ತಿ ಕಾಸು ಕೇಳಲ್ಲ, ಬಜ್ಜಿ ಪ್ಲೇಟ್ 30. ಕ್ಯಾಶ್ ಇಟ್ಕೊಂಡಿರಿ, ಕ್ಯೂಆರ್ ಸ್ಟಿಕ್ಕರ್ ಎಣ್ಣೆ ಹೊಗೆಗೆ ಮಾಸಿ ಹೋಗಿದೆ. ಝೂ ನೋಡ್ಕೊಂಡು ಬರೋ ಪ್ಲಾನ್ ಇದ್ರೆ ಮಂಗಳವಾರ ಬೇಡ, ಝೂಗೆ ರಜೆ.

ಸದ್ಯಕ್ಕೆ ನಡೀತಿರೋದು ಚಾಮುಂಡಿ ಬೆಟ್ಟದ ಕೇಸು: ಒಬ್ಬ ಮನುಷ್ಯ, ಕೈಲಿ ಬಾಳೆಹಣ್ಣಿನ ಚೀಲ, ಕೆಳಗಿಂದ ಮೆಟ್ಟಿಲು ಹತ್ತಿ ದೇವಸ್ಥಾನ ತಲುಪಬೇಕು, ದಾರೀಲಿ ನಲವತ್ತು ಕೋತಿ. ಪೈಲ್ವಾನ್ರು ಕೋತಿ ಪಕ್ಷ. ಹೋದ್ರೆ ದಯವಿಟ್ಟು ಮನುಷ್ಯನ ಕಡೆ ಕೂತ್ಕೊಳಿ, ಕುಂಟು ಬೆಂಚಿನ ಮೇಲೆ ಈಗ ನಾನು ಇಂಜಿನಿಯರ್ ಇಬ್ರೇ ಆಗೋಗಿದೀವಿ.